500 ಮನೆಗಳ ಊರಿನಲ್ಲಿ ನೀರಿನ ದರ ಏರಿಸುತ್ತಾರಂತೆ: ಸಭೆಯಲ್ಲಿ ಏನು ಕೇಳಬೇಕು?

ಪ್ರಶ್ನೆ: ನಮ್ಮದು ಸುಮಾರು 500 ಮನೆಗಳ ಸಣ್ಣ ಊರು. ನೀರು, ಒಳಚರಂಡಿ, ಬೀದಿದೀಪ, ಕಸ ಎಲ್ಲವನ್ನೂ ಊರಿನದೇ ಆಡಳಿತ ನೋಡಿಕೊಳ್ಳುತ್ತದೆ. ಈಗ ನೀರಿನ ದರ ಏರಿಸುತ್ತೇವೆ ಅನ್ನುತ್ತಿದ್ದಾರೆ. ಪಕ್ಕದ ದೊಡ್ಡ ಪಟ್ಟಣದ ದರ ಈಗಲೇ ನಮಗಿಂತ ಕಡಿಮೆ ಇದೆ. ಇಲ್ಲಿ ಮೇಲಿನ ಬೀದಿಗೆ ನೀರೇ ಸರಿಯಾಗಿ ಏರುವುದಿಲ್ಲ, ದರ ಮಾತ್ರ ಏರುತ್ತದೆ. ಮುಂದಿನ ತಿಂಗಳು ಊರಿನ ಸಭೆ ಇದೆ. ಅಲ್ಲಿ ಏನು ಕೇಳಬೇಕು? ಎಲ್ಲವನ್ನೂ ಪಟ್ಟಣದವರಿಗೇ ಒಪ್ಪಿಸಿಬಿಡುವುದು ಒಳ್ಳೆಯದಲ್ವಾ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಊರಿನ ನೀರಿನ ಪೈಪುಗಳನ್ನೆಲ್ಲ ಉದ್ದಕ್ಕೆ ಜೋಡಿಸಿದರೆ 10 ಕಿ.ಮೀ. ಆಗುತ್ತದೆ ಅಂದುಕೊಳ್ಳಿ. 500 ಮನೆ, 10 ಕಿ.ಮೀ. ಅಂದರೆ ಕಿಲೋಮೀಟರಿಗೆ 50 ಮನೆ. ಪಟ್ಟಣದಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ. ಅಷ್ಟೇ ಉದ್ದದ ಪೈಪಿಗೆ 200 ಮನೆ ಸಿಕ್ಕರೂ ಆಶ್ಚರ್ಯವಿಲ್ಲ. ಅಗೆಯುವ ಗುಂಡಿ ಅದೇ, ಪೈಪು ಹೆಚ್ಚುಕಡಿಮೆ ಅದೇ, ಒಡೆದಾಗ ರಿಪೇರಿಯೂ ಅದೇ. ಖರ್ಚು ಹಂಚಿಕೊಳ್ಳುವವರು ಮಾತ್ರ ಕಡಿಮೆ. ನೀವು ಪಟ್ಟಣಕ್ಕಿಂತ ಜಾಸ್ತಿ ಕೊಡುವುದಕ್ಕೆ ಮುಖ್ಯ ಕಾರಣ ಇಷ್ಟೇ. ಇದರಲ್ಲಿ ಯಾರದೋ ಮೋಸ ಇರಲೇಬೇಕು ಅಂತೇನಿಲ್ಲ. ಇಲ್ಲ ಅಂತಲೂ ಹೇಳಲಾರೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ತಕರಾರು ಹಳೆಯದೇ. 1930ರ ದಶಕದ ನಡುವಿನ ಅಮೆರಿಕದಲ್ಲಿ ಪಟ್ಟಣದ ಮನೆಗಳಲ್ಲಿ ಹೆಚ್ಚಿನವಕ್ಕೆ ಕರೆಂಟ್ ಬಂದಾಗಿತ್ತು. ರೈತರ ಮನೆಗಳಲ್ಲಿ ಇದ್ದದ್ದು ಸುಮಾರು ಹತ್ತಕ್ಕೆ ಒಂದರಲ್ಲಿ. ಮೈಲಿಗೆ ಎರಡು ಮೂರು ಮನೆ ಇರುವ ಕಡೆ ಕಂಬ ನೆಟ್ಟರೆ ಗಿಟ್ಟುವುದಿಲ್ಲ ಅಂತ ಖಾಸಗಿ ಕಂಪನಿಗಳು ಆ ಕಡೆ ತಲೆ ಹಾಕಿರಲಿಲ್ಲ. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಹಳ್ಳಿಗಳ ವಿದ್ಯುತ್ತಿಗೆಂದೇ ಒಂದು ಸಂಸ್ಥೆ ಹುಟ್ಟುಹಾಕಿತು. ಅದು ಕೊಟ್ಟ ಕಡಿಮೆ ಬಡ್ಡಿಯ ಸಾಲದಲ್ಲಿ ರೈತರೇ ಸಹಕಾರ ಸಂಘ ಕಟ್ಟಿಕೊಂಡು ತಂತಿ ಎಳೆಸಿಕೊಂಡರು. ಅಂಥ ನೂರಾರು ಸಂಘಗಳು ಇವತ್ತಿಗೂ ನಡೆಯುತ್ತಿವೆ. ಮನೆಗಳೇನೂ ಹತ್ತಿರ ಬರಲಿಲ್ಲ. ಲಾಭ ಎತ್ತುವವರು ಇರಲಿಲ್ಲ, ಸಾಲ ತೀರಿಸಲು ಬಹಳ ವರ್ಷ ಇತ್ತು, ಹಾಗಾಗಿ ಲೆಕ್ಕ ಕೂಡಿಬಂತು.

ಈಗ ನಿಮ್ಮ ನೀರಿನ ಖರ್ಚು ನೋಡೋಣ. ಊರು ಎಷ್ಟು ನೀರು ಬಳಸುತ್ತದೆ ಅನ್ನುವುದರ ಜೊತೆ ಏರಿಳಿಯುವುದು ಮೋಟರಿನ ಕರೆಂಟು ಮತ್ತು ಕ್ಲೋರಿನ್, ಬಹುಪಾಲು ಅಷ್ಟೇ. ನೀರಗಂಟಿಯ ಸಂಬಳ, ಟ್ಯಾಂಕಿನ ರಿಪೇರಿ, ಸಾಲದ ಕಂತು ಇವೆಲ್ಲ ನೀವು ಒಂದು ಕೊಡ ಬಳಸಿದರೂ ಅಷ್ಟೇ, ನೂರು ಕೊಡ ಬಳಸಿದರೂ ಅಷ್ಟೇ. 'ನಾವು ನೀರು ಉಳಿಸಿದೆವು, ಆದರೂ ಬಿಲ್ ಇಳಿಯಲಿಲ್ಲ' ಅಂತ ಜನ ಬೇಜಾರು ಮಾಡಿಕೊಳ್ಳುವುದು ಇದಕ್ಕೇ.

ಇದರ ಜೊತೆಗೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಖರ್ಚಿದೆ. ಪೈಪಿಗೂ ಆಯಸ್ಸಿದೆ. 50 ವರ್ಷ ಬಾಳುತ್ತದೆ ಅಂತ ಹಿಡಿಯೋಣ. 10 ಕಿ.ಮೀ. ಪೈಪನ್ನು 50 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 200 ಮೀಟರ್. ಅಂದರೆ ಪ್ರತಿ ವರ್ಷ 200 ಮೀಟರ್ ಪೈಪು ಬದಲಾಯಿಸಬೇಕು, ಇಲ್ಲವೇ ಅಷ್ಟಕ್ಕಾಗುವ ದುಡ್ಡನ್ನು ಎತ್ತಿಡಬೇಕು. ಸಭೆಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಳೆದ ಐದು ವರ್ಷದಲ್ಲಿ ಎಷ್ಟು ಮೀಟರ್ ಪೈಪು ಬದಲಾಯಿಸಿದ್ದೀರಿ? ಅದಕ್ಕೆಂದು ಎತ್ತಿಟ್ಟ ಹಣ ಎಷ್ಟು, ಯಾವ ಖಾತೆಯಲ್ಲಿದೆ?

ನಾನು ಈ ಪ್ರಶ್ನೆ ಕೇಳಿದ ಹೆಚ್ಚಿನ ಊರುಗಳಲ್ಲಿ ಎರಡಕ್ಕೂ ಉತ್ತರ ಸೊನ್ನೆ. ಹಾಗಿದ್ದರೆ ಇಷ್ಟು ವರ್ಷ ದರ ಕಡಿಮೆ ಇತ್ತು ಅನ್ನುವುದಕ್ಕೆ ಅರ್ಥವೇ ಇಲ್ಲ. ಅಜ್ಜನ ಕಾಲದಲ್ಲಿ ಹೂತ ಪೈಪನ್ನು ಎಲ್ಲರೂ ಸೇರಿ ತಿನ್ನುತ್ತಾ ಬಂದಿರಿ, ಅಷ್ಟೇ. ಏರುವ ದರ ಆ ಖಾತೆಗೆ ಹೋಗುತ್ತದೆ ಅಂತಾದರೆ ನಾನು ಒಪ್ಪಿಕೊಳ್ಳಿ ಅನ್ನುತ್ತೇನೆ. ಸುಮ್ನೆ 'ಖರ್ಚು ಜಾಸ್ತಿಯಾಗಿದೆ' ಅಂದರೆ ಒಪ್ಪಬೇಡಿ.

ಒಪ್ಪುವುದಕ್ಕೆ ಮೊದಲು ಇನ್ನೊಂದು ಕೆಲಸ ಮಾಡಿ. ಇದು ಬಿಟ್ಟಿ ಕೆಲಸ, ಒಂದು ರಾತ್ರಿಯ ನಿದ್ದೆ ಬಿಡಬೇಕು ಅಷ್ಟೇ.

ರಾತ್ರಿ ಎರಡು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಊರಿಗೆ ಊರೇ ಮಲಗಿರುತ್ತದೆ. ನೀರು ಬಳಸುವವರು ಇಲ್ಲ ಅಂತಲೇ ಹೇಳಬಹುದು. ಆಗ ಟ್ಯಾಂಕಿಗೆ ನೀರು ತುಂಬುವ ಮೋಟರ್ ನಿಲ್ಲಿಸಿ, ಊರಿಗೆ ಬಿಡುವ ವಾಲ್ವನ್ನು ತೆರೆದೇ ಇಟ್ಟು, ಟ್ಯಾಂಕಿನ ನೀರಿನ ಮಟ್ಟ ಅಳೆಯಿರಿ. ಅಳತೆಪಟ್ಟಿ ಇಲ್ಲದಿದ್ದರೆ ತುದಿಗೆ ಭಾರ ಕಟ್ಟಿದ ದಾರ ಸಾಕು. ಟ್ಯಾಂಕ್ ಹತ್ತುವ ಕೆಲಸ ಮಾತ್ರ ನೀರಗಂಟಿಗೇ ಬಿಡಿ. ಎರಡು ಗಂಟೆಯ ನಂತರ ಮತ್ತೆ ಅಳೆಯಲಿ. 6 ಮೀಟರ್ ಅಗಲದ ದುಂಡನೆಯ ಟ್ಯಾಂಕಿನಲ್ಲಿ ಮಟ್ಟ 1 ಸೆಂ.ಮೀ. ಇಳಿದರೆ ಸುಮಾರು 280 ಲೀಟರ್ ಹೋಯಿತು ಅಂತ ಲೆಕ್ಕ. ಎರಡು ಗಂಟೆಯಲ್ಲಿ 10 ಸೆಂ.ಮೀ. ಇಳಿದಿದೆ ಅಂದರೆ 2,800 ಲೀಟರ್. ಗಂಟೆಗೆ 1,400. ಹಗಲಲ್ಲಿ ಒತ್ತಡ ಸ್ವಲ್ಪ ಕಡಿಮೆ ಇರುವುದರಿಂದ ಸೋರಿಕೆಯೂ ಸ್ವಲ್ಪ ಕಡಿಮೆ. ಹಾಗಾಗಿ ದಿನಕ್ಕೆ 30,000 ಲೀಟರ್ ಅಂತ ಇಟ್ಟುಕೊಳ್ಳಿ.

500 ಮನೆ, ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 100 ಲೀಟರ್ ಅಂದರೆ ಊರು ಬಳಸುವುದು 2 ಲಕ್ಷ ಲೀಟರ್. ಅದರ ಏಳನೇ ಒಂದು ಪಾಲಿನಷ್ಟು ನೀರು ಯಾರ ಮನೆಗೂ ಸೇರದೆ ಮಣ್ಣಿಗೆ ಹೋಗುತ್ತಿದೆ. ಅದು ಬೋರ್‌ವೆಲ್ಲಿನಿಂದ ಟ್ಯಾಂಕಿನವರೆಗೆ ಒಟ್ಟು 100 ಮೀಟರ್ ಮೇಲೆತ್ತಿದ ನೀರಾಗಿದ್ದರೆ, ಸಾಧಾರಣ ಪಂಪು ವರ್ಷಕ್ಕೆ ಸುಮಾರು 6,000 ಯೂನಿಟ್ ಕರೆಂಟನ್ನು ಈ ಸೋರಿಕೆಗೆಂದೇ ಸುಡುತ್ತದೆ. ದರ ಏರಿಸಿ ಅನ್ನುವವರ ಮುಂದೆ ಈ ಅಂಕಿ ಇಡಿ, ಆಮೇಲೆ ಮಾತಾಡೋಣ ಅನ್ನಿ.

ಒಂದು ಎಚ್ಚರಿಕೆ. ನಿಮ್ಮಲ್ಲಿ ದಿನದ 24 ಗಂಟೆಯೂ ನೀರು ಬರುವುದಿಲ್ಲ, ಜನ ರಾತ್ರಿ ನಲ್ಲಿ ತೆರೆದಿಟ್ಟು ಮನೆಯ ತೊಟ್ಟಿ ತುಂಬಿಸಿಕೊಳ್ಳುತ್ತಾರೆ ಅಂತಾದರೆ ಈ ಲೆಕ್ಕ ತಪ್ಪು ಹೇಳುತ್ತದೆ. ಒಂದು ರಾತ್ರಿಯ ಮಟ್ಟಿಗೆ ಎಲ್ಲರ ನಲ್ಲಿ ಮುಚ್ಚಿಸಿ ಮಾಡಿ. ಸಣ್ಣ ಊರಿನಲ್ಲಿ ಅದು ಸಾಧ್ಯ.

ಸೋರಿಕೆ ಅಂದ ತಕ್ಷಣ ಜನ ರಸ್ತೆಯಲ್ಲಿ ಕಾರಂಜಿ ಹುಡುಕುತ್ತಾರೆ. ಕಾರಂಜಿ ಎದ್ದರೆ ಒಳ್ಳೆಯದೇ, ಅದೇ ದಿನ ರಿಪೇರಿಯಾಗುತ್ತದೆ. ತಿನ್ನುವುದು ಕಣ್ಣಿಗೆ ಬೀಳದ ತೂತುಗಳು. 3 ಬಾರ್ ಒತ್ತಡದಲ್ಲಿ (ಸುಮಾರು 30 ಮೀಟರ್ ಎತ್ತರದಲ್ಲಿರುವ ಟ್ಯಾಂಕು ಕೊಡುವ ಒತ್ತಡ) 3 ಮಿ.ಮೀ.ನ ಒಂದು ತೂತು, ಅಂದರೆ ಬೆಂಕಿಕಡ್ಡಿಯ ತಲೆಯಷ್ಟು, ದಿನಕ್ಕೆ ಸುಮಾರು 9,000 ಲೀಟರ್ ಕುಡಿಯುತ್ತದೆ. ಅಂಥವು ಮೂರು ನಾಲ್ಕು ಇದ್ದರೆ ಮೇಲಿನ 30,000 ಲೀಟರ್ ಮುಗಿಯಿತು. ಅದೇ ತೂತು ನೀರು ನಿಲ್ಲಿಸಿದಾಗ ಉಲ್ಟಾ ಕೆಲಸ ಮಾಡುತ್ತದೆ. ಪೈಪಿನಲ್ಲಿ ಒತ್ತಡ ಇಲ್ಲದಾಗ ಸುತ್ತಲಿನ ಕೊಳೆನೀರು ಒಳಗೆ ಸೇರಿಕೊಳ್ಳುತ್ತದೆ. ಬಿಟ್ಟು ಬಿಟ್ಟು ನೀರು ಕೊಡುವ ಊರಿನಲ್ಲಿ ಮೊದಲ ಹತ್ತು ನಿಮಿಷದ ನೀರನ್ನು ಕುಡಿಯಬೇಡಿ ಅಂತ ಹಿರಿಯರು ಹೇಳುವುದರಲ್ಲಿ ಅರ್ಥವಿದೆ.

ಇನ್ನು ಮೇಲಿನ ಬೀದಿಯ ವಿಷಯ. ನೀರು ಏರುವುದಿಲ್ಲ ಅಂದಾಗ ಸಭೆಯಲ್ಲಿ ಯಾರಾದರೂ ಎದ್ದು ನಿಂತು 'ದೊಡ್ಡ ಮೋಟರ್ ಹಾಕಿಸಿ' ಅಂದೇ ಅನ್ನುತ್ತಾರೆ. ಮೋಟರ್ ನೀರನ್ನು ಟ್ಯಾಂಕಿಗೆ ಏರಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಟ್ಯಾಂಕಿನಿಂದ ನಿಮ್ಮ ಮನೆಗೆ ನೀರು ತಳ್ಳುವುದು ಎತ್ತರ. 10 ಮೀಟರ್ ಎತ್ತರಕ್ಕೆ ಸರಿಸುಮಾರು 1 ಬಾರ್ ಒತ್ತಡ. ಟ್ಯಾಂಕಿನ ನೀರು ಕೆಳಗಿನ ಬೀದಿಗಿಂತ 20 ಮೀಟರ್ ಮೇಲಿದ್ದು, ಮೇಲಿನ ಬೀದಿ ಕೆಳಗಿನದಕ್ಕಿಂತ 12 ಮೀಟರ್ ಎತ್ತರದಲ್ಲಿದ್ದರೆ, ಮೇಲಿನವರಿಗೆ ಉಳಿಯುವುದು 8 ಮೀಟರ್, ಅಂದರೆ 0.8 ಬಾರ್. ದಾರಿಯಲ್ಲಿ ಪೈಪಿನ ಘರ್ಷಣೆ ತಿನ್ನುವುದನ್ನು ಕಳೆದರೆ ಇನ್ನೂ ಕಡಿಮೆ. ಎಂಥ ಮೋಟರ್ ತಂದರೂ ಈ ಲೆಕ್ಕ ಬದಲಾಗುವುದಿಲ್ಲ.

ಆದರೂ ಕೈಚೆಲ್ಲಬೇಡಿ. ಒಮ್ಮೆ ಒಂದು ಊರಿನಲ್ಲಿ ಇದೇ ದೂರಿಗೆ ಹೋಗಿದ್ದೆ. ಎರಡು ವರ್ಷದಿಂದ ಮೇಲಿನ ಬೀದಿಗೆ ನೀರಿಲ್ಲ. ಪಂಪು ಬದಲಾಯಿಸಿ ಆಗಿತ್ತು. ಹಳೆಯ ನೀರಗಂಟಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆವು. ಅವರು ಕೆಲಸ ಬಿಟ್ಟು ಬಹಳ ದಿನ ಆಗಿತ್ತು. ರಸ್ತೆ ತಿರುವಿನಲ್ಲಿ ನಿಂತು ಸಲಾಕೆಯಿಂದ ನೆಲ ಕುಟ್ಟುತ್ತಾ ಹೋದರು. ಒಂದು ಕಡೆ ಟಣ್ ಅಂತು. ಮಣ್ಣು ಕೆದಕಿದರೆ ಕಬ್ಬಿಣದ ಮುಚ್ಚಳ. ಅದರಡಿ 4 ಇಂಚಿನ ಗೇಟ್ ವಾಲ್ವ್, ಅಂದರೆ ತಿರುಗಿಸಿ ಪೈಪಿನ ನೀರು ಬಿಡುವ, ನಿಲ್ಲಿಸುವ ವಾಲ್ವ್. ಅವರು ಉದ್ದನೆಯ ಕೀಲಿ ಇಳಿಬಿಟ್ಟು ಮುಚ್ಚುವ ಕಡೆಗೆ ತಿರುಗಿಸಿದರು. ಎರಡೇ ಸುತ್ತಿಗೆ ಬಿಗಿಯಾಯಿತು. ಆಮೇಲೆ ತೆರೆಯುವ ಕಡೆಗೆ, ಬಾಯಲ್ಲಿ ಎಣಿಸುತ್ತಾ, ಹದಿನಾಲ್ಕು ಸುತ್ತು. ಎರಡು ವರ್ಷದ ಹಿಂದೆ ಪೈಪು ಒಡೆದಾಗ ರಿಪೇರಿಗೆಂದು ಮುಚ್ಚಿದವರು ಮತ್ತೆ ಎರಡು ಸುತ್ತು ತೆರೆದು, ನೀರು ಹರಿದ ಸದ್ದು ಕೇಳಿ, ಮುಚ್ಚಳ ಹಾಕಿ ಹೋಗಿದ್ದರು. ಆಮೇಲೆ ರಸ್ತೆ ಕೆಲಸದವರು ಅದರ ಮೇಲೆ ಮಣ್ಣು ಹಾಕಿದರು.

ಗೇಟ್ ವಾಲ್ವ್ ಎಷ್ಟು ಸುತ್ತು ತಿರುಗಬೇಕು ಅನ್ನುವುದಕ್ಕೆ ನಮ್ಮಲ್ಲಿ ಒಂದು ಕೈಲೆಕ್ಕ ಇದೆ. ಇಂಚಿನ ಅಳತೆಯನ್ನು ಮೂರರಿಂದ ಗುಣಿಸಿ ಎರಡೋ ಮೂರೋ ಸೇರಿಸಿ. 4 ಇಂಚಿಗೆ 14, 15. ನಿಮ್ಮ ವಾಲ್ವ್ ಅದಕ್ಕಿಂತ ಬಹಳ ಕಡಿಮೆ ಸುತ್ತಿಗೆ ನಿಂತರೆ ಯಾರೋ ಅರ್ಧಕ್ಕೇ ಬಿಟ್ಟಿದ್ದಾರೆ, ಇಲ್ಲವೇ ಒಳಗೆ ಏನೋ ಮುರಿದಿದೆ. ಹಳೆಯ ವಾಲ್ವನ್ನು ಬಲ ಹಾಕಿ ತಿರುಗಿಸಬೇಡಿ. ಮುಚ್ಚಿಕೊಂಡ ಸ್ಥಿತಿಯಲ್ಲೇ ವಾಲ್ವಿನ ಒಳಗಿನ ತಿರುಗುವ ಕಡ್ಡಿ ತುಂಡಾದರೆ ಇಡೀ ಬೀದಿಗೆ ನೀರಿಲ್ಲ.

ನನ್ನ ಅನುಭವದಲ್ಲಿ ಸಣ್ಣ ಊರಿನ ನೀರಿನ ವ್ಯವಸ್ಥೆಗೆ ದೊಡ್ಡ ಅಪಾಯ ಇರುವುದೇ ಇಲ್ಲಿ. ಪೈಪು, ವಾಲ್ವ್ ಎಲ್ಲೆಲ್ಲಿವೆ ಅನ್ನುವ ನಕ್ಷೆ ನೀರಗಂಟಿ ಒಬ್ಬರ ತಲೆಯಲ್ಲಿರುತ್ತದೆ. ಅವರು ಕಾಯಿಲೆ ಬಿದ್ದರೆ ಊರು ಕುರುಡಾಗುತ್ತದೆ. ಅವರ ಸಂಬಳದ ಬಗ್ಗೆ ಚರ್ಚೆ ಮಾಡುವ ಸಭೆ, ಅವರ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸುವ ಬಗ್ಗೆ ಯಾವತ್ತೂ ಮಾತಾಡುವುದಿಲ್ಲ.

ಈಗ ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನೀರು ಬರುವುದು ಒಂದು, ಅದು ಕುಡಿಯಲು ಯೋಗ್ಯವೇ ಅನ್ನುವುದು ಇನ್ನೊಂದು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಅಂತ ಒಂದು ಊರಿದೆ. ಸುತ್ತ ಹೊಲ, ದನಕರು, ಸುಮಾರು 5,000 ಜನ. 2000ನೇ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ಜೋರು ಮಳೆಯಾಯಿತು. ಹೊಲಕ್ಕೆ ಹಾಕಿದ್ದ ಸಗಣಿ ಗೊಬ್ಬರದಿಂದ ಇ. ಕೋಲಿ ಬ್ಯಾಕ್ಟೀರಿಯಾ ಊರಿನ ಒಂದು ಆಳವಿಲ್ಲದ ಬಾವಿಗೆ ಇಳಿಯಿತು. 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಜನ ಸತ್ತರು. ನ್ಯಾಯಮೂರ್ತಿ ಡೆನಿಸ್ ಓಕಾನರ್ ನಡೆಸಿದ ವಿಚಾರಣೆಯಲ್ಲಿ ಹೊರಬಂದದ್ದು ಏನು ಗೊತ್ತಾ? ಗೊಬ್ಬರ ಹಾಕಿದ ರೈತನ ತಪ್ಪೇನೂ ಇರಲಿಲ್ಲ. ನೀರು ನೋಡಿಕೊಳ್ಳುವವರು ದಿನಾ ಕ್ಲೋರಿನ್ ಅಳೆಯುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಮಾತ್ರ ಲೀಟರಿಗೆ 0.5, 0.75 ಮಿ.ಗ್ರಾಂ. ಅಂತ ಸುಮ್ನೆ ಬರೆದಿಡುತ್ತಿದ್ದರು. ನೀರು ಕೆಟ್ಟಿದೆ ಅಂತ ಲ್ಯಾಬಿನಿಂದ ವರದಿ ಬಂದಾಗಲೂ ಅದನ್ನು ಆರೋಗ್ಯ ಅಧಿಕಾರಿಗಳಿಗೆ ತಿಳಿಸಲಿಲ್ಲ.

ಹಾಗಾಗಿ ನಿಮ್ಮ ಊರಿನ ಕ್ಲೋರಿನ್ ಪುಸ್ತಕ ತೆಗೆಸಿ ನೋಡಿ. ತಿಂಗಳುಗಟ್ಟಲೆ ಒಂದೇ ಅಂಕಿ ಇದ್ದರೆ ಅನುಮಾನ ಪಡಿ. ನಿಜವಾಗಿ ಅಳೆದರೆ ಅಂಕಿ ದಿನಾ ಸ್ವಲ್ಪವಾದರೂ ಆಚೀಚೆ ಆಗುತ್ತದೆ. ಆಮೇಲೆ ನೀವೇ ಅಳೆಯಿರಿ. ಸಣ್ಣ ಗಾಜಿನ ಕೊಳವೆಯಲ್ಲಿ 10 ಮಿ.ಲೀ. ನೀರು ಹಿಡಿದು ಡಿಪಿಡಿ ಅನ್ನುವ ಕ್ಲೋರಿನ್ ಪರೀಕ್ಷೆಯ ಮಾತ್ರೆ ಹಾಕಿದರೆ ಕ್ಲೋರಿನ್ ಇದ್ದಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣವನ್ನು ಕಿಟ್ಟಿನ ಪಟ್ಟಿಯ ಜೊತೆ ಹೋಲಿಸಿದರಾಯಿತು. ಟ್ಯಾಂಕಿನ ಪಕ್ಕದ ನಲ್ಲಿಯಲ್ಲಿ ಅಳೆದು ಖುಷಿಪಡಬೇಡಿ. ಊರಿನ ಕಟ್ಟಕಡೆಯ ನಲ್ಲಿಯಲ್ಲಿ ಅಳೆಯಿರಿ. ಅಲ್ಲಿ ಲೀಟರಿಗೆ 0.2 ಮಿ.ಗ್ರಾಂ. ಆದರೂ ಉಳಿದಿರಬೇಕು. ಬಣ್ಣವೇ ಬರಲಿಲ್ಲ ಅಂದರೆ, ಹಾಕುವುದು ಕಡಿಮೆಯಾಗಿದೆ ಅಥವಾ ಬ್ಲೀಚಿಂಗ್ ಪೌಡರ್ ಹಳತಾಗಿ ಸತ್ವ ಕಳೆದುಕೊಂಡಿದೆ. ಬಿಸಿಲು ಬೀಳುವ ಶೆಡ್ಡಿನಲ್ಲಿ ಬಾಯಿ ತೆರೆದಿಟ್ಟ ಚೀಲ ಕೆಲವೇ ತಿಂಗಳಲ್ಲಿ ಬರೀ ಸುಣ್ಣದ ಪುಡಿಯಂತಾಗುತ್ತದೆ.

ಉಳಿದ ಸೇವೆಗಳ ಬಗ್ಗೆ ಇಷ್ಟು ಉದ್ದ ಬರೆಯುವ ಅಗತ್ಯ ಕಾಣುವುದಿಲ್ಲ. ಬೀದಿದೀಪ ಇವತ್ತು ದೊಡ್ಡ ಸಮಸ್ಯೆಯೇ ಅಲ್ಲ. ಹಳೆಯ ಸೋಡಿಯಂ ದೀಪ ತೆಗೆದು ಎಲ್‌ಇಡಿ ಹಾಕಿ, ಬೆಳಕು ನೋಡಿ ತಾನೇ ಆರುವ ಸ್ವಿಚ್ ಇಡಿ, ಕರೆಂಟು ಅರ್ಧಕ್ಕೆ ಇಳಿಯುತ್ತದೆ. ಕಸದಲ್ಲಿ ಗಾಡಿ ಓಡುವ ದೂರವೇ ದೊಡ್ಡ ಖರ್ಚು. ಹಸಿ ಕಸ ಊರಿನಲ್ಲೇ ಗೊಬ್ಬರವಾದರೆ ಗಾಡಿಯ ಓಡಾಟ ಕಡಿಮೆಯಾಗುತ್ತದೆ. ಬೆಂಕಿ ಬಿದ್ದಾಗ ಪಟ್ಟಣದಿಂದ ಗಾಡಿ ಬರುವಷ್ಟರಲ್ಲಿ ಬಣವೆ ಬೂದಿಯಾಗಿರುತ್ತದೆ. ಅದಕ್ಕೇ ಜರ್ಮನಿ, ಆಸ್ಟ್ರಿಯಾದಂಥ ದೇಶಗಳ ಹಳ್ಳಿಗಳಲ್ಲಿ ಬೆಂಕಿ ಆರಿಸುವವರು ಊರಿನ ಸ್ವಯಂಸೇವಕರೇ. ನಿಮ್ಮ ಟ್ಯಾಂಕಿನ ತಳದಲ್ಲಿ ಬೆಂಕಿಗೆಂದು ಸ್ವಲ್ಪ ನೀರು ಯಾವಾಗಲೂ ಮೀಸಲಿರುತ್ತದೆಯೇ, ಪೈಪು ಜೋಡಿಸಲು ಬಾಯಿ ಇದೆಯೇ ಅಂತ ಕೇಳಿ. ಒಳಚರಂಡಿ ಇಲ್ಲದ ಮನೆಗಳ ಸೆಪ್ಟಿಕ್ ಟ್ಯಾಂಕನ್ನು ಎರಡರಿಂದ ಐದು ವರ್ಷಕ್ಕೊಮ್ಮೆಯಾದರೂ ಖಾಲಿ ಮಾಡಿಸಬೇಕು. 'ನಮ್ಮದು ಇಪ್ಪತ್ತು ವರ್ಷದಿಂದ ತುಂಬಿಯೇ ಇಲ್ಲ' ಅಂತ ಹೆಮ್ಮೆಪಡುವವರ ಟ್ಯಾಂಕು ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ಅದು ಪಕ್ಕದವರ ಬಾವಿಗೆ ತುಂಬುತ್ತಿರಬಹುದು.

ಮೋಸದ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಕಳ್ಳತನಕ್ಕಿಂತ ಜಾಸ್ತಿ ನಾನು ನೋಡಿರುವುದು ಎರಡು ಬಗೆಯ ಸಡಿಲ. ಒಂದು, ನೀರಿನ ದುಡ್ಡು, ದೀಪದ ದುಡ್ಡು, ಕಸದ ದುಡ್ಡು ಒಂದೇ ಚೀಲಕ್ಕೆ ಬೀಳುವುದು. ಆಗ ಯಾವುದು ನಷ್ಟದಲ್ಲಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನೀರಿಗೆ ಬೇರೆ ಲೆಕ್ಕಪುಸ್ತಕ ಕೇಳಿ. ಇನ್ನೊಂದು, ಬಾಕಿ. ಎಷ್ಟು ನಲ್ಲಿಗಳಿವೆ, ಎಷ್ಟಕ್ಕೆ ಬಿಲ್ ಹೋಗುತ್ತದೆ, ಎಷ್ಟು ಜನ ಕಟ್ಟುತ್ತಾರೆ ಅಂತ ಮೂರು ಅಂಕಿ ಕೇಳಿ. ಮೂರೂ ಒಂದೇ ಆಗಿರುವ ಊರನ್ನು ನಾನು ಕಂಡಿಲ್ಲ. ಸಣ್ಣ ಊರಿನಲ್ಲಿ ಬಿಲ್ ಕಟ್ಟದವನ ನಲ್ಲಿ ಕತ್ತರಿಸಬೇಕಾದವನು ಅವನ ಭಾವಮೈದನೇ ಆಗಿರುತ್ತಾನೆ. ಕತ್ತರಿಸುತ್ತಾನಾ? ಆ ಹೊರೆ ಕಟ್ಟುವವರ ದರದ ಮೇಲೆ ಬೀಳುತ್ತದೆ.

ಪಟ್ಟಣಕ್ಕೆ ಒಪ್ಪಿಸುವ ಮಾತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ನೀರಿನ ಮೂಲವೇ ಕೆಟ್ಟಿದ್ದರೆ, ಅಂದರೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಇಂಥವು ಮಿತಿ ಮೀರಿದ್ದರೆ, ಪಟ್ಟಣದ ನೀರು ತರುವುದೇ ಸರಿ. ಅವನ್ನು ತೆಗೆಯುವ ಯಂತ್ರವನ್ನು 500 ಮನೆ ಸೇರಿ ವರ್ಷಾನುಗಟ್ಟಲೆ ನಡೆಸುವುದು ಕಷ್ಟ. ಮೂಲ ಚೆನ್ನಾಗಿದ್ದು ನೋಡಿಕೊಳ್ಳುವುದು ಮಾತ್ರ ಸರಿಯಿಲ್ಲ ಅಂತಾದರೆ ಬಾವಿ, ಟ್ಯಾಂಕು ಬಿಟ್ಟುಕೊಡಬೇಡಿ. ಉದ್ದನೆಯ ಪೈಪಿನಲ್ಲಿ ಬರುವ ನೀರು ದಾರಿಯಲ್ಲೇ ಹಳತಾಗುತ್ತದೆ, ಕ್ಲೋರಿನ್ ಕರಗಿಹೋಗುತ್ತದೆ. ಬೇಸಿಗೆಯಲ್ಲಿ ನೀರು ಸಾಲದಾದಾಗ ಮೊದಲು ಬಂದ್ ಆಗುವುದು ಪೈಪಿನ ಕೊನೆಯಲ್ಲಿರುವ ನೀವೇ. ಒಮ್ಮೆ ಒಪ್ಪಿಸಿದ ಮೇಲೆ ದರ ಎಷ್ಟಿರಬೇಕು ಅನ್ನುವ ಸಭೆಯಲ್ಲಿ ನಿಮ್ಮ ಕೈ ಎಣಿಕೆಗೂ ಬರುವುದಿಲ್ಲ.

ನಡುವಿನ ದಾರಿ ಇದೆ. ಫ್ರಾನ್ಸಿನಲ್ಲಿ ಪುಟ್ಟ ಪುಟ್ಟ ಊರುಗಳು ಸೇರಿ ಇಂಥ ಸೇವೆಗಳಿಗೆ ಜಂಟಿ ಸಂಘ ಮಾಡಿಕೊಳ್ಳಲು 1890ರಲ್ಲೇ ಕಾನೂನು ಬಂತು. ಅಮೆರಿಕದ ಹಳ್ಳಿಗಳಲ್ಲಿ 'ಸರ್ಕ್ಯೂಟ್ ರೈಡರ್' ಅಂತ ಒಂದು ಪದ್ಧತಿ ಇದೆ. ಹಿಂದೆ ಕುದುರೆ ಹತ್ತಿ ಊರೂರು ಸುತ್ತುತ್ತಿದ್ದ ಪಾದ್ರಿ, ನ್ಯಾಯಾಧೀಶರ ಹೆಸರೇ ಇದು. ಈಗ ಕಾರಿನಲ್ಲಿ ಸುತ್ತುವ ನೀರಿನ ತಜ್ಞರಿಗೆ ಬಂದಿದೆ. ಒಬ್ಬ ಪಳಗಿದ ತಂತ್ರಜ್ಞ, ಹಲವು ಊರು. ಬಂದು ಪಂಪು ನೋಡುತ್ತಾರೆ, ಕ್ಲೋರಿನ್ ಅಳೆಯುತ್ತಾರೆ, ಅಲ್ಲಿಯ ನೀರಗಂಟಿಗೆ ಕಲಿಸಿ ಹೋಗುತ್ತಾರೆ. ನಿಮ್ಮ ಸುತ್ತ ಇಂಥದೇ ನಾಲ್ಕು ಊರುಗಳಿದ್ದರೆ ಅವರ ಜೊತೆ ಮಾತಾಡಿ. ಟ್ಯಾಂಕು ನಿಮ್ಮದೇ, ತಜ್ಞ ಎಲ್ಲರಿಗೂ ಸೇರಿ ಒಬ್ಬ.

ಸಭೆಗೆ ಇನ್ನೂ ಒಂದು ತಿಂಗಳಿದೆ ಅಂದಿರಿ. ಸಾಕು. ಒಂದು ರಾತ್ರಿ ಟ್ಯಾಂಕಿನ ಮಟ್ಟ ಅಳೆಸಿ. ಒಂದು ಬೆಳಿಗ್ಗೆ ಕಟ್ಟಕಡೆಯ ನಲ್ಲಿಯ ನೀರಿಗೆ ಮಾತ್ರೆ ಹಾಕಿ ನೋಡಿ. ಇನ್ನೊಂದು ಬೆಳಿಗ್ಗೆ ಊರಿನ ನಕ್ಷೆಯ ದೊಡ್ಡ ಹಾಳೆ, ಪೆನ್ಸಿಲ್ ಹಿಡಿದು ನಿಮ್ಮ ನೀರಗಂಟಿಯ ಜೊತೆ ನಡೆಯಿರಿ. ಅವರು ನಿಂತ ಕಡೆಯೆಲ್ಲ ಗುರುತು ಹಾಕಿ: ಯಾವ ಮನೆಯ ಗೋಡೆಯಿಂದ ಎಷ್ಟು ಮೀಟರ್, ಎಷ್ಟು ಇಂಚಿನ ವಾಲ್ವ್, ಎಷ್ಟು ಸುತ್ತು, ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ. ಕೆಲವು ಉಲ್ಟಾ ತಿರುಗುತ್ತವೆ, ಅದನ್ನೂ ಬರೆಯಿರಿ. ಮೇಲಿನ ಬೀದಿಯಿಂದಲೇ ಶುರು ಮಾಡಿ.